ಎಕ್ಸ್‌ಪಿ ಗಣಕವನ್ನು ವಿಂಡೋಸ್ 11ಕ್ಕೆ ಜೋಡಿಸಿಕೊಟ್ಟ ಮನೆಸೇವೆ
ತಂದೆಯವರ ಹಳೆಯ ಲೆಕ್ಕಪತ್ರಗಳಿರುವ ವಿಂಡೋಸ್ ಎಕ್ಸ್‌ಪಿ ಗಣಕವನ್ನು ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗೆ ಮನೆಯ ರೂಟರ್ ಮೂಲಕ ಜೋಡಿಸಲು ಎರಡು ಸಂಜೆ ಹೆಣಗಿ ಸೋತ ಮೇಲೆ, ಬಡಾವಣೆಯ ಕಂಪ್ಯೂಟರ್ ರಿಪೇರಿ ಅಂಗಡಿಯವರನ್ನು ಮನೆಗೆ ಕರೆಸಿದೆ. (ಪೆನ್ ಡ್ರೈವ್ ಸಾಲದೇ ಎಂದು ಕೇಳುವವರಿಗೆ: ಆ ಯಂತ್ರದ ಯುಎಸ್‌ಬಿ ಕಿಂಡಿಗಳು ಎಂದೋ ಕೆಟ್ಟಿವೆ.)

ಬಂದ ತಂತ್ರಜ್ಞರು ಮೊದಲ ಅರ್ಧ ಗಂಟೆಯನ್ನು ಕೇಬಲ್ ಬದಲಿಸುವುದರಲ್ಲೇ ಕಳೆದರು. ಎರಡೂ ಗಣಕಗಳು ಪಿಂಗ್‌ಗೆ (ಸಂಪರ್ಕವಿದೆಯೇ ಎಂದು ನೋಡುವ ಪರೀಕ್ಷಾ ಸಂದೇಶಕ್ಕೆ) ಉತ್ತರಿಸುತ್ತಿದ್ದುದರಿಂದ ಅದು ಅನವಶ್ಯಕವಾಗಿತ್ತು. ಅನಂತರ ಅವರು ಹಿಡಿದ ಕಾರಣ ಮಾತ್ರ ಸರಿಯಾಗಿತ್ತು. ಕಡತ ಹಂಚಿಕೆಗೆ ಎಕ್ಸ್‌ಪಿ ಬಲ್ಲದ್ದು ಎಸ್‌ಎಂಬಿಯ (ಜಾಲದಲ್ಲಿ ಗಣಕಗಳು ಕಡತ ಹಂಚಿಕೊಳ್ಳಲು ಬಳಸುವ ನಿಯಮಾವಳಿಯ) ಮೊದಲ ಆವೃತ್ತಿಯೊಂದನ್ನೇ. 2017ರ ಮೇ ತಿಂಗಳಲ್ಲಿ ಕಡತಗಳನ್ನು ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಅದರ ದೋಷವನ್ನು ಬಳಸಿಕೊಂಡೇ, ಮತ್ತು ಆ ವರ್ಷದಿಂದೀಚೆಗೆ ಮೈಕ್ರೋಸಾಫ್ಟ್ ಅದನ್ನು ಹೊಸ ವಿಂಡೋಸ್‌ಗಳಿಂದ ಹಂತಹಂತವಾಗಿ ಕೈಬಿಡುತ್ತ ಬಂದಿದೆ. ಅಂತರಜಾಲದ ಸಂಪರ್ಕ ತಪ್ಪಿಸಿ, ಲ್ಯಾಪ್‌ಟಾಪ್‌ನ ವಿಂಡೋಸ್ ಫೀಚರ್ಸ್‌ನಲ್ಲಿ ಎಸ್‌ಎಂಬಿ 1ರ ಕ್ಲೈಂಟ್ ಭಾಗವನ್ನಷ್ಟೇ (ಬೇರೆ ಗಣಕದ ಕಡತಗಳನ್ನು ತೆರೆಯುವ ಭಾಗ) ಚಾಲೂ ಮಾಡಿ, ರೀಸ್ಟಾರ್ಟ್ ಆದ ಬಳಿಕ ಎಕ್ಸ್‌ಪಿಯ ಐಪಿ ವಿಳಾಸವನ್ನು ನೇರವಾಗಿ ಕೊಟ್ಟೊಡನೆ ಫೋಲ್ಡರ್‌ಗಳು ತೆರೆದುಕೊಂಡವು.

ಪ್ರತಿ ಮಾಡಿಕೊಂಡ ಮೇಲೆ ಆ ಸೌಲಭ್ಯವನ್ನು ಹಾಗೆಯೇ ಬಿಟ್ಟು ಹೊರಟಿದ್ದವರು, ನಾನು ಕೇಳಿದ್ದರಿಂದಷ್ಟೇ ತೆಗೆದರು. ಸುರಕ್ಷತೆಯ ದೃಷ್ಟಿಯಿಂದ ಇದನ್ನು ಸಣ್ಣ ಲೋಪವೆನ್ನಲಾರೆ. ಶುಲ್ಕ 600 ರೂಪಾಯಿ, ರಸೀದಿ ಕೊಟ್ಟರು. ಐದಕ್ಕೆ ಮೂರೂವರೆ ಅಂಕ.