ಡೆಬಿಯನ್ 12ರಲ್ಲಿ ಝಡ್‌ಎಫ್‌ಎಸ್: ಡಿಸ್ಕಿನ ಚಿಂತೆ ಇಲ್ಲ, ಕರ್ನಲ್‌ನದ್ದೇ ಚಿಂತೆ

ಝಡ್‌ಎಫ್‌ಎಸ್ ಎಂದರೆ ಡಿಸ್ಕುಗಳನ್ನು 'ಪೂಲ್' ಎಂಬ ಒಂದೇ ಗುಂಪಾಗಿ ನೋಡಿಕೊಳ್ಳುವ ಫೈಲ್‌ಸಿಸ್ಟಮ್; ಡೆಬಿಯನ್ ಒಂದು ಲಿನಕ್ಸ್ ವಿತರಣೆ, ಕರ್ನಲ್ ಅದರ ತಿರುಳು. ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ), ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ತಿಳಿಸುವ ಮೊತ್ತ) ಪುರಾಣವೆಲ್ಲ ಇಲ್ಲಿ ಬೇಡ; ಇಲ್ಲಿಗೆ ಬಂದವರಿಗೆ ಅದು ಗೊತ್ತಿರುತ್ತದೆ. ಈ ವಿಮರ್ಶೆ ಡೆಬಿಯನ್‌ನಲ್ಲಿ ಅದನ್ನು ಕೊಡುವ ಝಡ್‌ಎಫ್‌ಎಸ್-ಡಿಕೆಎಂಎಸ್ ಪ್ಯಾಕೇಜಿನದ್ದು. ಎರಡು ಡಿಸ್ಕಿನ ಮಿರರ್ (ಒಂದೇ ಡೇಟಾ ಎರಡರಲ್ಲೂ) ಇರುವ, ಹಳೇ ಪ್ರೊಸೆಸರ್‌ನ ಮನೆ ಸರ್ವರ್ ಲೆಕ್ಕದಲ್ಲಿ ಓದಿಕೊಳ್ಳಿ.

ಫೈಲ್‌ಸಿಸ್ಟಮ್ ಮೇಲೆ ದೂರಿಲ್ಲ. ತಲೆನೋವೆಲ್ಲ ಕರ್ನಲ್ ಅಪ್‌ಗ್ರೇಡ್ ದಿನ. ಈ ಪ್ಯಾಕೇಜಿನಲ್ಲಿ ಸಿದ್ಧ ಮಾಡ್ಯೂಲ್ (ಕರ್ನಲ್‌ಗೆ ಸೇರುವ ತುಂಡು) ಇರುವುದಿಲ್ಲ, ಬರೀ ಸೋರ್ಸ್ ಇರುತ್ತದೆ. ಹೊಸ ಕರ್ನಲ್ ಬಂದಾಗಲೆಲ್ಲ ಡಿಕೆಎಂಎಸ್ ಎಂಬ ಸಾಧನ ಅದನ್ನು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಬೇಕು. ಅದು ಕೈಕೊಡುವುದು ಹೆಚ್ಚಾಗಿ ಎರಡು ಕಾರಣಕ್ಕೆ.

ಮೊದಲನೆಯದು ಹೆಡರ್, ಅಂದರೆ ಮಾಡ್ಯೂಲ್ ಕಂಪೈಲ್ ಮಾಡಲು ಬೇಕಾದ ಆಯಾ ಕರ್ನಲ್‌ನ ಫೈಲುಗಳು. ಆವೃತ್ತಿ ಸಂಖ್ಯೆ ಇರುವ ಹೆಡರ್ ಪ್ಯಾಕೇಜನ್ನು ಒಮ್ಮೆ ಹಾಕಿ ಸುಮ್ಮನಾದರೆ ಮುಂದಿನ ಕರ್ನಲ್‌ಗೆ ಹೆಡರ್ ಬರುವುದಿಲ್ಲ, ಮಾಡ್ಯೂಲೂ ಹುಟ್ಟುವುದಿಲ್ಲ. ಎಚ್ಚರಿಕೆಯ ಸಾಲು ಬಂದರೂ ಪ್ಯಾಕೇಜ್ ಹಾಕುವ ಆಪ್ಟ್ ಕಕ್ಕುವ ಸಾಲುಗಳ ನಡುವೆ ಕಣ್ಣಿಗೆ ಬೀಳುವುದಿಲ್ಲ. ಲಿನಕ್ಸ್-ಹೆಡರ್ಸ್-ಎಎಂಡಿ64 ಎಂಬ ಮೆಟಾ ಪ್ಯಾಕೇಜನ್ನೇ ಹಾಕಿ; ಹೊಸ ಕರ್ನಲ್‌ನ ಹೆಡರನ್ನು ಅದೇ ಎಳೆದು ತರುತ್ತದೆ.

ಎರಡನೆಯದು ಬ್ಯಾಕ್‌ಪೋರ್ಟ್ಸ್ (ಹೊಸ ಆವೃತ್ತಿಗಳನ್ನು ಹಳೇ ಡೆಬಿಯನ್‌ಗೆ ಕೊಡುವ ಪ್ರತ್ಯೇಕ ಭಂಡಾರ) ಆಸೆ. ಡೆಬಿಯನ್ 12ರ ಮೂಲ ಭಂಡಾರದಲ್ಲಿರುವುದು ಝಡ್‌ಎಫ್‌ಎಸ್ 2.1.11, ಅದು 6.2 ಕರ್ನಲ್‌ವರೆಗೆ ಮಾತ್ರ. ಡೆಬಿಯನ್ 12ರ ಸ್ವಂತ ಕರ್ನಲ್ 6.1, ಹಾಗಾಗಿ ತೊಂದರೆಯಿಲ್ಲ. ಹೊಸ ಹಾರ್ಡ್‌ವೇರ್‌ಗೆಂದು ಬ್ಯಾಕ್‌ಪೋರ್ಟ್ಸ್‌ನಿಂದ ಕರ್ನಲ್ ಒಂದನ್ನೇ ಎಳೆದುಕೊಂಡಿರೋ, ಬಿಲ್ಡ್ ಮುರಿಯಿತು. ಮೊದಲು ಝಡ್‌ಎಫ್‌ಎಸ್-ಡಿಕೆಎಂಎಸ್ ಮತ್ತು ಝಡ್‌ಎಫ್‌ಎಸ್‌ಯುಟಿಲ್ಸ್-ಲಿನಕ್ಸ್ ಎರಡನ್ನೂ ಬ್ಯಾಕ್‌ಪೋರ್ಟ್ಸ್‌ನಿಂದ ತನ್ನಿ, ಕರ್ನಲ್ ಆಮೇಲೆ.

ಮಾಡ್ಯೂಲ್ ಇಲ್ಲದೆ ರೀಬೂಟ್ ಆದರೆ ಪೂಲ್ ಬರುವುದಿಲ್ಲ, ಅಷ್ಟೇ ತಾನೇ ಅನ್ನಿಸಬಹುದು. ಅಷ್ಟೇ ಅಲ್ಲ. ಪೂಲ್ ಮೌಂಟ್ ಆಗಬೇಕಿದ್ದ ಜಾಗದಲ್ಲಿ ಖಾಲಿ ಡೈರೆಕ್ಟರಿ ಇರುತ್ತದಲ್ಲ, ಬ್ಯಾಕಪ್ ಸ್ಕ್ರಿಪ್ಟು ಏನೂ ಅರಿಯದ ಹಾಗೆ ಅದರೊಳಗೇ ಬರೆಯುತ್ತಾ ಹೋಗುತ್ತದೆ. ಬೂಟ್ ಡಿಸ್ಕ್ ತುಂಬುತ್ತದೆ. ಆಮೇಲೆ ಪೂಲ್ ಸರಿಹೋದಾಗ 2.0ರಿಂದೀಚೆಗಿನ ಆವೃತ್ತಿಗಳು ಆ ಡೈರೆಕ್ಟರಿಯ ಮೇಲೆಯೇ ಮೌಂಟ್ ಆಗುತ್ತವೆ. ಆ ಫೈಲುಗಳು ಅಡಿಯಲ್ಲಿ ಹೂತುಹೋಗುತ್ತವೆ, ಜಾಗ ಮಾತ್ರ ವಾಪಸ್ ಬರುವುದಿಲ್ಲ. ಪೂಲ್ ಮೌಂಟ್ ಆಗಿಲ್ಲದಾಗ ಆ ಖಾಲಿ ಡೈರೆಕ್ಟರಿಗೆ 'ಚ್ಯಾಟರ್ ಪ್ಲಸ್ ಐ' (chattr +i, ಯಾರೂ ಬದಲಿಸದಂತೆ ಬೀಗ) ಹಾಕಿಡಿ. ಬರೆಯಲು ಬಂದವರಿಗೆ ಎರರ್ ಬರುತ್ತದೆ, ಮೌಂಟ್‌ಗೆ ಅಡ್ಡಿಯಿಲ್ಲ.

ಹೀಗಾಗಿ ರೀಬೂಟ್‌ಗೆ ಮುಂಚೆ ಒಂದು ಸಣ್ಣ ಮಡಿ. 'ಡಿಕೆಎಂಎಸ್ ಸ್ಟೇಟಸ್' ಕೊಟ್ಟು ಹೊಸ ಕರ್ನಲ್ ಎದುರು 'ಇನ್‌ಸ್ಟಾಲ್ಡ್' ಇದೆಯೇ ನೋಡುವುದು. ಬರೀ 'ಆ್ಯಡೆಡ್' ಎಂದಿದ್ದರೆ ಕಂಪೈಲ್ ಆಗಿಲ್ಲ ಎಂದರ್ಥ. ರೂಟೇ (ಇಡೀ ವ್ಯವಸ್ಥೆಯಿರುವ ಮೂಲ ಫೈಲ್‌ಸಿಸ್ಟಮ್) ಝಡ್‌ಎಫ್‌ಎಸ್ ಮೇಲಿದ್ದರೆ 'ಎಲ್‌ಎಸ್‌ಇನಿಟ್‌ರ‍್ಯಾಮ್‌ಎಫ್‌ಎಸ್' ಕೊಟ್ಟು ಇನಿಟ್‌ರ‍್ಯಾಮ್‌ಎಫ್‌ಎಸ್ (ಬೂಟ್ ಆರಂಭದಲ್ಲಿ ಬಳಸುವ ಪುಟ್ಟ ಫೈಲ್‌ಸಿಸ್ಟಮ್) ಒಳಗೂ ಮಾಡ್ಯೂಲ್ ಸೇರಿದೆಯೇ ಹುಡುಕಬೇಕು. ಬೂಟ್ ಆದ ಮೇಲೆ 'ಝಡ್‌ಎಫ್‌ಎಸ್ ವರ್ಷನ್': ಎರಡು ಸಾಲು ಬರುತ್ತವೆ, ಮೇಲಿನದು ಯುಟಿಲಿಟಿ, ಕೆಳಗಿನದು ಕರ್ನಲ್ ಮಾಡ್ಯೂಲ್. ಎರಡೂ ಸಂಖ್ಯೆ ಒಂದೇ ಆಗಿದ್ದರೆ ಕಾಫಿಗೆ ಏಳಬಹುದು.

ಬಿಲ್ಡ್ ಮುರಿದ ದಿನ ಪ್ಯಾಕೇಜ್ ಮಾಡಿದವರ ಮೇಲೆ ಸಿಟ್ಟು ಬರುವುದು ಸಹಜ. ಡಿಕೆಎಂಎಸ್‌ನ ಮೇಕ್ ಲಾಗ್ ಬಿಚ್ಚಿ ನೋಡಿದರೆ ಅದು ಇಳಿಯುತ್ತದೆ. ಕಾನ್ಫಿಗರ್ ಹಂತದಲ್ಲಿ ಪುಟಾಣಿ ಸಿ ಪ್ರೋಗ್ರಾಮುಗಳನ್ನು ಕಂಪೈಲ್ ಮಾಡಿ, ಈ ಕರ್ನಲ್‌ನಲ್ಲಿ ಈ ಫಂಕ್ಷನ್‌ಗೆ ಎರಡು ಆರ್ಗ್ಯುಮೆಂಟೋ ಮೂರೋ ಎಂದು ಕೇಳಿಕೊಳ್ಳುತ್ತಾ ಸಾಗುತ್ತದೆ. 2005ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಝಡ್‌ಎಫ್‌ಎಸ್ ಕೋಡನ್ನು ಸಿಡಿಡಿಎಲ್ ಲೈಸೆನ್ಸಿನಡಿ ತೆರೆದಿಟ್ಟಿತು. ಜಿಪಿಎಲ್ ಎಂಬ ಬೇರೆ ಲೈಸೆನ್ಸಿನ ಲಿನಕ್ಸ್ ಕರ್ನಲ್ ಜೊತೆ ಅದಕ್ಕೆ ಹೊಂದಾಣಿಕೆಯಿಲ್ಲ, ಹಾಗಾಗಿ ಝಡ್‌ಎಫ್‌ಎಸ್ ಕರ್ನಲ್ ಹೊರಗೇ ಉಳಿದಿದೆ. ಕರ್ನಲ್ ಒಳಗಿನ ಫೈಲ್‌ಸಿಸ್ಟಮ್‌ಗಳನ್ನು ಫಂಕ್ಷನ್ ಬದಲಿಸಿದವರೇ ಸರಿಪಡಿಸಿ ಕೊಡುತ್ತಾರೆ. ಹೊರಗಿನವರು ಹಿಂದೆ ಓಡಬೇಕು. 5.0 ಕರ್ನಲ್‌ನಲ್ಲಿ ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್ ಬಳಸುವ ಫಂಕ್ಷನ್ ಜಿಪಿಎಲ್‌ನವರಿಗಷ್ಟೇ ಎಂದಾದಾಗ ಚೆಕ್‌ಸಮ್, ಎನ್‌ಕ್ರಿಪ್ಷನ್ ಎರಡೂ ನಿಧಾನವಾದವು. ಬದಲಿ ದಾರಿ ಹುಡುಕಿಕೊಂಡಿದ್ದು ಝಡ್‌ಎಫ್‌ಎಸ್‌ನವರೇ. ಉಬುಂಟು 16.04ರಿಂದ ಸಿದ್ಧ ಮಾಡ್ಯೂಲನ್ನೇ ಕೊಡುತ್ತಿದೆ. ಡೆಬಿಯನ್ ಕಾಂಟ್ರಿಬ್ ವಿಭಾಗದಲ್ಲಿ ಸೋರ್ಸ್ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಮಡಿವಂತಿಕೆ ಅನ್ನಿ, ಜಾಗರೂಕತೆ ಅನ್ನಿ.

ಖುಷಿ ಕೊಟ್ಟಿದ್ದು ಡೆಬಿಯನ್ನಿನವರೇ ಇಟ್ಟಿರುವ ಕ್ರಾನ್ (ಹೇಳಿದ ವೇಳೆಗೆ ಕೆಲಸ ಓಡಿಸುವ ಸಾಧನ) ಸಾಲು. ತಿಂಗಳ ಎರಡನೇ ಭಾನುವಾರ, ರಾತ್ರಿ 12 ಗಂಟೆ 24 ನಿಮಿಷಕ್ಕೆ ಸ್ಕ್ರಬ್, ಅಂದರೆ ಪೂಲ್‌ನ ಡೇಟಾ ಪರೀಕ್ಷೆ, ತಾನಾಗಿ ಶುರು. ಆದರೆ ರಾತ್ರಿ ಯಂತ್ರ ಆರಿಸುವ ಮನೆಗಳಲ್ಲಿ ಅದು ಎಂದೂ ಓಡುವುದಿಲ್ಲ, ಯಾರೂ ಹೇಳುವುದೂ ಇಲ್ಲ. 'ಝಡ್‌ಪೂಲ್ ಸ್ಟೇಟಸ್'ನ 'ಸ್ಕ್ಯಾನ್' ಸಾಲಿನಲ್ಲಿ ತಾರೀಖು ನೋಡಿಕೊಳ್ಳಿ.

ಐದಕ್ಕೆ ನಾಲ್ಕು ಅಂಕ, ಡೆಬಿಯನ್ 12ರ ಸ್ವಂತ ಕರ್ನಲ್‌ನಲ್ಲೇ ಇರುವವರಿಗೆ. ಬ್ಯಾಕ್‌ಪೋರ್ಟ್ಸ್ ಬೆನ್ನುಹತ್ತುವವರಿಗೆ ಎರಡೂವರೆ. ಆವೃತ್ತಿ ಏರಿಸಿದ ಮೇಲೆ ಅದೇ ಸ್ಟೇಟಸ್ ಪರದೆ, ಕೆಲವು ಹೊಸ ಫೀಚರ್ ಆನ್ ಆಗಿಲ್ಲ, 'ಝಡ್‌ಪೂಲ್ ಅಪ್‌ಗ್ರೇಡ್' ಮಾಡಿ ಎಂದು ಪ್ರತಿ ಸಲ ಗೊಣಗುತ್ತದೆ. ಗೊಣಗಲಿ ಬಿಡಿ. ಒಮ್ಮೆ ಮಾಡಿದರೆ ಹಿಂದಕ್ಕೆ ದಾರಿಯಿಲ್ಲ. ಹೊಸ ಕರ್ನಲ್ ಕೈಕೊಟ್ಟ ದಿನ 2.1.11 ಇರುವ ಹಳೇ ಕರ್ನಲ್‌ನಿಂದ ಆ ಪೂಲ್ ತೆರೆಯುವುದೇ ಅನುಮಾನ.