ಕಲ್ಲು ಸ್ಲೇಟು, ವೈಟ್‌ಬೋರ್ಡು, ನೋಟ್‌ಬುಕ್ಕು: ನಮ್ಮ ನಲಿ-ಕಲಿ ಕೋಣೆಗೆ ಒಗ್ಗಿದ್ದು ಯಾವುದು?

ಒಂದನೇ ಕ್ಲಾಸಿನ ಮಗುವಿನ ಕೈಗೆ ಬರೆಯೋಕೆ ಏನು ಕೊಡಬೇಕು ಅಂತ ಕೇಳಿದರೆ, ಕಲ್ಲು ಸ್ಲೇಟು ಮತ್ತು ಬಳಪ ಅಂತಲೇ ಹೇಳುತ್ತೇನೆ. ಹೊಸದೇನಾದರೂ ಮಾಡೋಣ ಅಂತ ಕಳೆದ ವರ್ಷ ಮೈಸೂರಿನಿಂದ ಪುಟ್ಟ ವೈಟ್‌ಬೋರ್ಡುಗಳನ್ನೂ ಮಾರ್ಕರ್‌ಗಳನ್ನೂ ನನ್ನ ದುಡ್ಡಲ್ಲೇ ತಂದೆ. ಊರಿನವರೊಬ್ಬರು ತಗಡಿನ ಸ್ಲೇಟು ಕೊಡಿಸಿದರು. ನೋಟ್‌ಬುಕ್ ಹೇಗೂ ಇತ್ತು. ಎಲ್ಲವನ್ನೂ ಒಂದೇ ಕೋಣೆಯಲ್ಲಿ ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮದು ಮಂಡ್ಯದ ಪಕ್ಕದ ಹಳ್ಳಿಯ ಸರ್ಕಾರಿ ಶಾಲೆ. ಒಂದರಿಂದ ಮೂರನೇ ತರಗತಿವರೆಗೆ ಒಂದೇ ಕೋಣೆ, ನಲಿ-ಕಲಿ. ಅಂದರೆ ಮಕ್ಕಳು ಚಟುವಟಿಕೆ ಮಾಡುತ್ತ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಕ್ಕಳು ತಟ್ಟೆಗಳ ಪ್ರಕಾರ, ಅಂದರೆ ಶಿಕ್ಷಕರ ನೆರವು ಯಾರಿಗೆ ಎಷ್ಟು ಬೇಕು ಅನ್ನುವುದರ ಮೇಲೆ, ಗುಂಪಾಗಿ ಕೂರುತ್ತಾರೆ. ನಾನು ಒಂದು ಗುಂಪಿನ ಜೊತೆ ಕೂತಾಗ ಉಳಿದವರು ತಮ್ಮ ಪಾಡಿಗೆ ಕಲಿಕೆಯ ಕಾರ್ಡ್ ನೋಡಿ ಬರೆಯುತ್ತಿರಬೇಕು. ಹಾಗಾಗಿ ನನಗೆ ಮುಖ್ಯವಾಗಿದ್ದು ಒಂದೇ. ಮಗುವಿನ ಕೈಯಲ್ಲಿರುವ ವಸ್ತು ನನ್ನನ್ನು ಪದೇ ಪದೇ ಎಬ್ಬಿಸಬಾರದು.

ವೈಟ್‌ಬೋರ್ಡು ಸೋತಿದ್ದು ಇಲ್ಲೇ. ಮೊದಲ ವಾರ ಮಕ್ಕಳಿಗೆ ಸಂಭ್ರಮವೋ ಸಂಭ್ರಮ. ಆಮೇಲೆ ಮಾರ್ಕರ್ ಮುಚ್ಚಳದ ಕಾಟ ಶುರುವಾಯಿತು. ಆರು ವರ್ಷದ ಮಗು ಮುಚ್ಚಳ ತೆಗೆದರೆ ಅದನ್ನು ಜೇಬಲ್ಲಿ ಇಟ್ಟುಕೊಳ್ಳುತ್ತದೆ, ಬಾಯಲ್ಲಿ ಕಚ್ಚಿಕೊಳ್ಳುತ್ತದೆ, ಇಲ್ಲ ಪಕ್ಕದವನ ಮಾರ್ಕರ್‌ಗೆ ಹಾಕುತ್ತದೆ. ಹಾಕಿದರೂ ಟಕ್ ಅನ್ನುವವರೆಗೆ ಒತ್ತುವುದಿಲ್ಲ. ಮಾರನೇ ದಿನ ತುದಿ ಒಣಗಿರುತ್ತದೆ. 'ಮಿಸ್, ಇದು ಬರೀತಾನೇ ಇಲ್ಲ!' ಒಂದು ಮೂಲೆಯಿಂದ ಕೂಗು ಬಂದರೆ ಸಾಕು, ಹಿಂದೆಯೇ ಇನ್ನಿಬ್ಬರು ಎದ್ದು ಬರುತ್ತಾರೆ. ನನ್ನೆದುರು ಕೂತು ಓದುತ್ತಿದ್ದ ಮಗುವಿನ ಓದು ಅಲ್ಲಿಗೇ ನಿಲ್ಲುತ್ತದೆ.

ಒಣಗದ ಮಾರ್ಕರ್‌ನದ್ದು ಬೇರೆಯದೇ ತೊಂದರೆ. ತುದಿ ದಪ್ಪ, ಹಲಗೆ ನುಣುಪು. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಕ್ರಮದಲ್ಲಿ. ಈ ಐದರಲ್ಲೇ ಸರ, ದರ, ಅರಸ, ಅಗಸ ಅಂತ ಮಗು ಬೇಗ ಪದ ಕಟ್ಟಬಹುದು. ಆದರೆ ಇವೆಲ್ಲ ಸುತ್ತಿ ಬರುವ ಅಕ್ಷರಗಳು. ಇನ್ನೂ ಹಿಡಿತ ಬರದ ಕೈ ನುಣುಪು ಹಲಗೆಯ ಮೇಲೆ ಜಾರಿಹೋಗುತ್ತದೆ. ರ ಬರೆಯಲು ಹೋದರೆ ಸೊನ್ನೆಯಾಗುತ್ತದೆ, ತಲೆಕಟ್ಟು ಎಲ್ಲೋ ಹಾರಿಹೋಗಿರುತ್ತದೆ. ಮುಂದೆ ದ, ಧ ಬಂದಾಗ ಇನ್ನೂ ಕಷ್ಟ. ಅವೆರಡನ್ನೂ ಬೇರೆ ಮಾಡುವುದು ಕೆಳಗಿನ ಒಂದು ಪುಟ್ಟ ಗೀಟು, ಅಲ್ವಾ? ದಪ್ಪ ಮಾರ್ಕರ್‌ನಲ್ಲಿ ಆ ಗೀಟು ಕಾಣುವುದೇ ಇಲ್ಲ. ಎಡಗೈಯಲ್ಲಿ ಬರೆಯುವ ಒಂದು ಮಗುವಂತೂ ಬರೆದಿದ್ದನ್ನೆಲ್ಲ ತನ್ನ ಅಂಗೈಯಿಂದಲೇ ಅಳಿಸಿಕೊಂಡು ಹೋಗುತ್ತಿತ್ತು. ಅದರ ಮುಖ ನೋಡಿ ನನಗೆ ಸಂಕಟವಾಗುತ್ತಿತ್ತು.

ಕಲ್ಲು ಸ್ಲೇಟಿನಲ್ಲಿ ಬಳಪ ಸ್ವಲ್ಪ ತಡೆದು ತಡೆದು ಹೋಗುತ್ತದೆ. ಆ ತಡೆಯೇ ಮಗುವಿಗೆ ಆಸರೆ. ಕೈಯನ್ನು ಎಲ್ಲಿ ತಿರುಗಿಸಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಬೆರಳಿಗೇ ಗೊತ್ತಾಗುತ್ತದೆ. ಗೆರೆ ಸಣ್ಣದಾಗಿ ಬರುತ್ತದೆ. ಬಳಪ ಮುರಿದರೆ ಒಂದರ ಬದಲು ಎರಡಾಯಿತು, ಅಷ್ಟೇ. ನನ್ನ ಹತ್ತಿರ ಯಾರೂ ಓಡಿ ಬರುವುದಿಲ್ಲ. ಒರೆಸೋಕೆ ಒದ್ದೆ ಬಟ್ಟೆ ಇಟ್ಟಿದ್ದೇನೆ, ಆದರೆ ಮಕ್ಕಳಿಗೆ ಬೇಲಿಯ ತೊಂಡೆ ಸೊಪ್ಪೇ ಇಷ್ಟ.

ಸ್ಲೇಟಿಗೂ ಕೊರತೆ ಇದೆ. ಬಿದ್ದರೆ ಒಡೆಯುತ್ತದೆ, ಬ್ಯಾಗಿಗೆ ಭಾರ. ಅದಕ್ಕೇ ಸ್ಲೇಟುಗಳನ್ನು ಮನೆಗೆ ಕಳಿಸದೆ ಕೋಣೆಯಲ್ಲೇ ಜೋಡಿಸಿಡುತ್ತೇವೆ. ಬಳಪ ತಿನ್ನುವ ಮಕ್ಕಳೂ ಇರುತ್ತಾರೆ. ಗದರಿಸಿದರೆ ಆ ಚಟ ಹೋಗುವುದಿಲ್ಲ. ಮೈಯಲ್ಲಿ ಕಬ್ಬಿಣದಂಶ ಕಡಿಮೆ ಇದ್ದಾಗಲೂ ಮಣ್ಣು, ಬಳಪ ತಿನ್ನುವ ಆಸೆ ಬರುತ್ತದೆ. ಅಂಥ ಮಗು ಕಂಡರೆ ತಾಯಿಯನ್ನು ಕರೆಸಿ, ರಕ್ತ ಪರೀಕ್ಷೆ ಮಾಡಿಸಮ್ಮ ಅಂತ ಹೇಳುತ್ತೇನೆ.

ತಗಡಿನ ಸ್ಲೇಟಿನ ಬಗ್ಗೆ ಹೆಚ್ಚೇನಿಲ್ಲ. ಒಡೆಯುವುದಿಲ್ಲ, ಆದರೆ ಬಣ್ಣ ಎದ್ದ ಜಾಗದಲ್ಲಿ ಬಳಪ ಹಿಡಿಯುವುದಿಲ್ಲ.

ನೋಟ್‌ಬುಕ್ಕನ್ನು ಮಾತ್ರ ಬಿಡುವ ಹಾಗಿಲ್ಲ. ಸ್ಲೇಟಿನಲ್ಲಿ ಬರೆದಿದ್ದು ಸಂಜೆಗೆ ಇರುವುದಿಲ್ಲ, ಅಪ್ಪ ಅಮ್ಮನಿಗೆ ತೋರಿಸೋಕೆ ಏನಾದರೂ ಬೇಕು. ಆದರೆ ಮೊದಲ ತಿಂಗಳುಗಳಲ್ಲಿ ಮಗು ತಪ್ಪಿದ್ದನ್ನು ರಬ್ಬರಿನಲ್ಲಿ ಉಜ್ಜಿ ಉಜ್ಜಿ ಹಾಳೆ ಹರಿದುಕೊಂಡು ಅಳುತ್ತದೆ. ಸ್ಲೇಟಿನಲ್ಲಿ ತಪ್ಪಿದರೆ ಒರೆಸಿ ಇನ್ನೊಂದು ಸಲ ಬರೆಯುತ್ತದೆ. ಎರಡನೇ ತರಗತಿಯಿಂದ ನೋಟ್‌ಬುಕ್ ಹೆಚ್ಚಾಗಲಿ, ಮೂರನೇ ತರಗತಿಯ ಉಕ್ತಲೇಖನ ಪೂರ್ತಿ ಅದರಲ್ಲೇ ಆಗಲಿ.

ಮೊದಲೇ ಇಂಗ್ಲಿಷ್ ಕಲಿಸುವ, ಒಂದೇ ತರಗತಿಯ ಮಕ್ಕಳಿರುವ ಶಾಲೆಯವರಿಗೆ ವೈಟ್‌ಬೋರ್ಡು ಒಗ್ಗಬಹುದು. ಎಲ್ಲರೂ ಒಟ್ಟಿಗೆ ಉತ್ತರ ಬರೆದು ಮೇಲೆತ್ತಿ ತೋರಿಸೋಕೆ ಅದು ಚೆನ್ನಾಗಿದೆ. ನಾನೂ ಮೂರನೇ ತರಗತಿಯವರ ಮಗ್ಗಿಗೆ ಅದನ್ನೇ ಕೊಡುತ್ತೇನೆ. ಮಾರ್ಕರ್‌ಗಳು ಮಾತ್ರ ನನ್ನ ಮೇಜಿನ ಡ್ರಾಯರ್‌ನಲ್ಲಿ ಇರುತ್ತವೆ.

ಖರ್ಚೂ ನೋಡಬೇಕಲ್ಲ. ಮಾರ್ಕರ್ ಪದೇ ಪದೇ ಕೊಳ್ಳುವ ದುಡ್ಡಿನಲ್ಲಿ ಇಡೀ ಕೋಣೆಗೆ ಬಳಪ ಬರುತ್ತದೆ. ಈ ವರ್ಷ ಮತ್ತೆ ಕಲ್ಲು ಸ್ಲೇಟನ್ನೇ ತಂದಿದ್ದೇನೆ. ನೀವು ಕೊಳ್ಳುವಾಗ ಮರದ ಚೌಕಟ್ಟಿನ ಮೂಲೆಗಳನ್ನು ಹಿಡಿದು ಅಲ್ಲಾಡಿಸಿ ನೋಡಿ. ಸಡಿಲವಿದ್ದರೆ ಕಲ್ಲು ಬೇಗ ಹೊರಬರುತ್ತದೆ. ಅಂಗಡಿಯಲ್ಲೇ ಒಂದು ಬಳಪ ಕೇಳಿ ರ ಅಕ್ಷರ ಬರೆದು, ಒರೆಸಿ, ಆಮೇಲೆ ದುಡ್ಡು ಕೊಡಿ.