ಕಚೇರಿಗೆ ಯಾವ ಬ್ರಾಡ್‌ಬ್ಯಾಂಡ್? ಮೂರನ್ನು ಬಳಸಿ ನೋಡಿದ ಮೇಲೆ

ಹುಬ್ಬಳ್ಳಿಯಲ್ಲಿ ನಮ್ಮದು ವಿಡಿಯೊ ಎಡಿಟಿಂಗ್ ಕಚೇರಿ. ಡೌನ್‌ಲೋಡ್‌ಗಿಂತ ಅಪ್‌ಲೋಡ್ ಕೆಲಸವೇ ಹೆಚ್ಚು. ಕಚೇರಿಯ ಟ್ಯಾಲಿ, ಸಿಸಿಟಿವಿ ಎರಡೂ ಮನೆಯಲ್ಲಿ ಕುಳಿತಾಗಲೂ ಸಿಗಬೇಕು. ಹಾಗಾಗಿ ಜಾಹೀರಾತಿನ ವೇಗಕ್ಕಿಂತ, ಕಂಪನಿ ಎಲ್ಲೆಲ್ಲಿ ಅಡ್ಡಗಾಲು ಹಾಕುತ್ತದೆ ಎಂಬುದನ್ನೇ ನೋಡಿದೆ.

ಮೊದಲನೆಯದು ದೊಡ್ಡ ಖಾಸಗಿ ಕಂಪನಿಯದು. ದರ ಕಡಿಮೆ, ಅಳವಡಿಕೆ ಅಚ್ಚುಕಟ್ಟು. ‘ಅನ್‌ಲಿಮಿಟೆಡ್’ ಎಂದರೂ ಸಣ್ಣ ಅಕ್ಷರದಲ್ಲಿ ತಿಂಗಳಿಗೆ 3300 ಜಿಬಿ ಮಿತಿ. 100 ಎಂಬಿಪಿಎಸ್ ಸಂಪರ್ಕವನ್ನು ಬಿಡುವಿಲ್ಲದೆ ಬಳಸಿದರೆ ಮೂರು ದಿನದಲ್ಲಿ ಅದು ಖಾಲಿ. ನಮ್ಮ ಬಳಕೆ ಅಷ್ಟಿಲ್ಲವಾದ್ದರಿಂದ ಮಿತಿ ಕಾಡಲಿಲ್ಲ, ಕಾಡಿದ್ದು ಸಿಜಿನ್ಯಾಟ್, ಅಂದರೆ ಐಪಿ ವಿಳಾಸದ (ಅಂತರ್ಜಾಲದಲ್ಲಿ ನಮ್ಮ ಸಂಪರ್ಕದ ಗುರುತು ಸಂಖ್ಯೆ) ಹಂಚಿಕೆ. ಹಲವು ಗ್ರಾಹಕರಿಗೆ ಒಂದೇ ಸಾರ್ವಜನಿಕ ಐಪಿ ವಿಳಾಸ ಹಂಚಿದಾಗ ಹೊರಗಿನಿಂದ ನಮ್ಮ ಯಂತ್ರಕ್ಕೆ ನೇರ ದಾರಿ ಇರುವುದಿಲ್ಲ. ರೌಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ವ್ಯಾನ್ ವಿಳಾಸ (ಕಂಪನಿ ರೌಟರ್‌ಗೆ ಕೊಟ್ಟ ಐಪಿ) 100.64ರಿಂದ 100.127ರ ನಡುವೆ ಶುರುವಾಗಿದ್ದರೆ ಇದೇ ಕಥೆ ಎಂದು ತಿಳಿಯಿರಿ.

ಎರಡನೆಯದರಲ್ಲಿ ಸ್ಟ್ಯಾಟಿಕ್ ಐಪಿ, ಅಂದರೆ ನಮಗಷ್ಟೇ ಮೀಸಲಾದ ಬದಲಾಗದ ವಿಳಾಸ ಸಿಕ್ಕಿತು, ಆದರೆ ಸಂಜೆಯಾದರೆ ಅಪ್‌ಲೋಡ್ ತೆವಳುತ್ತಿತ್ತು. ಮದುವೆ ವಿಡಿಯೊದ 40 ಜಿಬಿ ಕಡತ ಪೂರ್ಣ ವೇಗದಲ್ಲಿ ಒಂದು ಗಂಟೆಯೊಳಗೆ ಹೋಗಬೇಕು. ಸ್ಪೀಡ್ ಟೆಸ್ಟ್ ಪೂರ್ಣ ವೇಗ ತೋರಿಸುತ್ತಿದ್ದರೂ ಕಡತ ಮಾತ್ರ ಮುಂದೆ ಸರಿಯುತ್ತಿರಲಿಲ್ಲ. ವಿಪಿಎನ್ ಹಾಕಿದ ಕೂಡಲೇ ಓಡತೊಡಗಿತು! ವಿಪಿಎನ್ ದತ್ತಾಂಶವನ್ನು ಗೂಢಲಿಪಿಯಲ್ಲಿ ಮುಚ್ಚಿ ಬೇರೊಂದು ಸರ್ವರ್ ಮೂಲಕ ಕಳಿಸುತ್ತದೆ, ಹಾಗಾಗಿ ಅದು ಯಾವ ಬಗೆಯದು ಎಂದು ಕಂಪನಿಗೆ ಸುಲಭವಾಗಿ ತಿಳಿಯುವುದಿಲ್ಲ. ಆದರೆ ವಿಪಿಎನ್‌ನಲ್ಲಿ ದತ್ತಾಂಶ ಸಾಗುವ ದಾರಿಯೂ ಬದಲಾಗುವುದರಿಂದ ಒಂದು ಸಲದ ಪರೀಕ್ಷೆ ಸಾಲದು. ಬೇರೆ ಬೇರೆ ಸಂಜೆ, ಬೇರೆ ಬೇರೆ ಕಡತ ಇಟ್ಟು ನೋಡಿದರೂ ಫಲ ಅದೇ. ಕಂಪನಿ ನಮ್ಮ ಅಪ್‌ಲೋಡನ್ನೇ ಗುರುತಿಸಿ ನಿಧಾನಿಸುತ್ತಿದೆ ಎನಿಸಿತು, ನನಗೆ ಸಿಟ್ಟು ಬಂದದ್ದು ಇದಕ್ಕೇ. ಯಾವ ತಾಣ, ಯಾವ ಆ್ಯಪ್ ಎಂದು ನೋಡಿ ಬೇರೆ ಬೇರೆ ದರ ಹಾಕುವ ತಾರತಮ್ಯವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2016ರಲ್ಲೇ ನಿಷೇಧಿಸಿದೆ. 2018ರಲ್ಲಿ ದೂರಸಂಪರ್ಕ ಇಲಾಖೆ ನೆಟ್ ನ್ಯೂಟ್ರಾಲಿಟಿಯನ್ನು, ಅಂದರೆ ಎಲ್ಲ ದತ್ತಾಂಶವನ್ನೂ ಸಮನಾಗಿ ಕಾಣಬೇಕೆಂಬ ತತ್ವವನ್ನು ಒಪ್ಪಿಕೊಂಡಿದೆ. ಎಲ್ಲ ಬಳಕೆಗೂ ಸಮನಾಗಿ ಅನ್ವಯಿಸುವ ತಿಂಗಳ ಮಿತಿಗೆ ನನ್ನ ತಕರಾರಿಲ್ಲ. ಒಂದು ಬಗೆಯ ದತ್ತಾಂಶವನ್ನೇ ಆರಿಸಿ ನಿಧಾನಿಸುವುದು ಅನ್ಯಾಯ. ದೂರು ಕೊಟ್ಟರೆ ‘ರೌಟರ್ ಆಫ್ ಮಾಡಿ ಆನ್ ಮಾಡಿ’ ಎಂಬುದಷ್ಟೇ ಉತ್ತರ.

ಮೂರನೆಯದು ನಮ್ಮ ಬಡಾವಣೆಯ ಕೇಬಲ್ ಆಪರೇಟರ್ ಕೊಡುವ ಫೈಬರ್. ಅಪ್‌ಲೋಡ್, ಡೌನ್‌ಲೋಡ್ ಎರಡೂ ಒಂದೇ ವೇಗ. ಸ್ಟ್ಯಾಟಿಕ್ ಐಪಿಗೆ ವರ್ಷಕ್ಕೊಮ್ಮೆ ಪ್ರತ್ಯೇಕ ಶುಲ್ಕ. ಮೇಲ್ ಸರ್ವರ್‌ಗಳು ಪರಸ್ಪರ ಮೇಲ್ ಸಾಗಿಸುವ ದ್ವಾರವಾದ ಪೋರ್ಟ್ 25 ಮುಚ್ಚಿದ್ದಾರೆ. ಅದು ಸ್ಪ್ಯಾಮ್ ತಡೆಯಲು, ನಾವು ಮೇಲ್ ಕಳಿಸಲು ಪೋರ್ಟ್ 587 ಇದ್ದೇ ಇದೆ, ಹಾಗಾಗಿ ಅದಕ್ಕೆ ಆಕ್ಷೇಪವಿಲ್ಲ. ಮಳೆಗಾಲದಲ್ಲಿ ಕೊಂಬೆ ಬಿದ್ದು ತಂತಿ ತುಂಡಾಗುತ್ತದೆ. ಆದರೆ ಕರೆ ಮಾಡಿದರೆ ಹುಡುಗ ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಹಿಡಿದು ಅಂದೇ ಬರುತ್ತಾನೆ. ನಾನು ಉಳಿಸಿಕೊಂಡದ್ದು ಇದನ್ನೇ. ತಂತಿ ಹೋದಾಗಿನ ಆಸರೆಗೆ ಒಂದು 5ಜಿ ಸಿಮ್ ಇದೆ.

ಒಬ್ಬ ಗ್ರಾಹಕರಿಗೇ ಮೀಸಲಾದ ಸಂಪರ್ಕ, ಅಂದರೆ ಲೀಸ್ಡ್ ಲೈನ್ ಬೆಲೆಯನ್ನೂ ವಿಚಾರಿಸಿದೆ. ಅದರಲ್ಲಿ ಬ್ಯಾಂಡ್‌ವಿಡ್ತ್ ಬೇರೆಯವರೊಂದಿಗೆ ಹಂಚಿಕೆಯಾಗುವುದಿಲ್ಲ, ಕೆಟ್ಟರೆ ಎಷ್ಟು ಹೊತ್ತಿನಲ್ಲಿ ಸರಿಪಡಿಸಬೇಕು ಎಂಬುದೂ ಒಪ್ಪಂದದಲ್ಲೇ ಇರುತ್ತದೆ. ದರ ಹಲವು ಪಟ್ಟು. ಸ್ವಂತ ಸರ್ವರ್ ನಡೆಸುವವರಿಗೆ ಅದು ಸರಿ, ನಮ್ಮಂಥವರಿಗೆ ಹೊರೆ. ಯಾರಿಂದ ತೆಗೆದುಕೊಂಡರೂ ತಿಂಗಳ ಮಿತಿ, ಅದು ಮುಗಿದ ಮೇಲಿನ ವೇಗ, ಅಪ್‌ಲೋಡ್ ವೇಗ, ಸಾರ್ವಜನಿಕ ಐಪಿ ಈ ನಾಲ್ಕನ್ನೂ ಹಣ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಿರಿ.